ಮಾವನವರ ಕೂಪೆಗೆ ಹೊಸ ಚಕ್ರ

ನನ್ನ ಮಾವನವರು ನನ್ನ ಜೊತೆ ಮಾತು ಬಿಟ್ಟಿದ್ದರು.

ಮಾತು ಬಿಡುವುದು ಸಂಸಾರಸ್ಥರಿಗೆ ಹೊಸದಲ್ಲ. ನನ್ನ ಹೆಂಡತಿಯೂ ಆಗಾಗ ಬಿಡುತ್ತಾಳೆ. ಆದರೆ ಅವಳು ಬಿಟ್ಟಾಗ ಅಡುಗೆಮನೆಯ ಪಾತ್ರೆಗಳು ಮಾತಾಡುತ್ತವೆ, ಸಂಜೆಯೊಳಗೆ ಹೇಗೋ ರಾಜಿಯಾಗುತ್ತದೆ. ಮಾವನವರದು ಹಾಗಲ್ಲ. ಅವರು ನಿವೃತ್ತ ನ್ಯಾಯಾಧೀಶರು. ಅವರ ತೀರ್ಪಿಗೆ ಮೇಲ್ಮನವಿ ಇಲ್ಲ. ಊಟದ ಮೇಜಿನಲ್ಲಿ ನಾನು ಅವರ ಎದುರಿಗೇ ಕೂತಿದ್ದರೂ, "ಪುಟ್ಟೀ, ಉಪ್ಪಿನ ಡಬ್ಬಿ ಈ ಕಡೆ ಸರಿಸೋಕೆ ನಿನ್ನ ಗಂಡನಿಗೆ ಹೇಳು" ಎನ್ನುತ್ತಿದ್ದರು. ಪುಟ್ಟಿ ಎಂದರೆ ನನ್ನ ಹೆಂಡತಿ. ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಾಳೆ, ಇಡೀ ಶಾಲೆ ಅವಳಿಗೆ ಹೆದರುತ್ತದೆ, ಆದರೂ ಅಪ್ಪನಿಗೆ ಪುಟ್ಟಿಯೇ. ಅವಳು ನನ್ನ ಕಡೆ ತಿರುಗಿ, "ಉಪ್ಪಂತೆ" ಎನ್ನುವಳು. ನಾನು ಡಬ್ಬಿ ಸರಿಸಿ, "ಸಾಕಾ ಅಂತ ಕೇಳು" ಎನ್ನುವೆ. ಒಂದು ಚಿಟಿಕೆ ಉಪ್ಪು ಮೇಜು ದಾಟಬೇಕಾದರೆ ಇಷ್ಟು ಕಲಾಪ ನಡೆಯಬೇಕು.

ಅತ್ತೆಯವರು ತೀರಿಕೊಂಡ ಮೇಲೆ ಮಾವನವರು ಎರಡು ಪೆಟ್ಟಿಗೆ ಮತ್ತು ಒಂದು ಕಾರಿನೊಡನೆ ನಮ್ಮ ಮನೆಗೆ ಬಂದರು. (ಮನೆಅಳಿಯ ಎಂಬ ಪದ ಎಲ್ಲರಿಗೂ ಗೊತ್ತು. ಮನೆಮಾವ ಎಂಬ ಪದವನ್ನು ನಮ್ಮ ನಿಘಂಟುಕಾರರು ಯಾಕೆ ಬಿಟ್ಟರೋ ತಿಳಿಯದು.) ಪೆಟ್ಟಿಗೆಗಳು ಮಂಚದ ಕೆಳಗೆ ಹೋದವು. ಕಾರು ನನ್ನ ಸ್ಕೂಟರನ್ನು ಶೆಡ್ಡಿನಿಂದ ಬೀದಿಗೆ ತಳ್ಳಿ ತಾನು ಒಳಗೆ ನಿಂತಿತು.

ಅದು ಸಾಮಾನ್ಯ ಕಾರಲ್ಲ, ಕೂಪೆ. ಹಾಗೆಂದರೆ ಎರಡೇ ಬಾಗಿಲಿನ, ಉದ್ದ ಮೂತಿಯ, ಹಿಂಭಾಗ ಇಳಿಜಾರಾದ ಕಾರು. ಆ ಹೆಸರು ಯಾವುದೋ ಪರದೇಶದ ಭಾಷೆಯಿಂದ ಬಂದದ್ದೆಂದು ತಿಳಿದವರು ಹೇಳುತ್ತಾರೆ. ಹಿಂದಿನ ಸೀಟಿಗೆ ಒಮ್ಮೆ ಇಳಿದು ನೋಡಿದವರಿಗೆ ಅದು ನಮ್ಮ 'ಕೂಪ'ದಿಂದಲೇ ಬಂದದ್ದೆಂದು ಖಾತರಿಯಾಗುತ್ತದೆ. ಕಡು ನೀಲಿ ಬಣ್ಣದ ಆ ಕಾರನ್ನು ಮಾವನವರು ಯೌವನದಲ್ಲಿ ಕೊಂಡದ್ದು. ಅತ್ತೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲೆಲ್ಲೋ ತಿರುಗಿದ್ದರಂತೆ. ಅವರ ಪಾಲಿಗೆ ಅದು ವಾಹನವಲ್ಲ, ಉಳಿದಿರುವ ಸಂಸಾರ.

ಆ ಸಂಸಾರಕ್ಕೆ ಕಲ್ಲು ಹಾಕಿದವನು ನಾನು.

ನನ್ನದು ಕನ್ನಡಕದ ಅಂಗಡಿ. ಮಾವನವರು ದಿನಾ ಬೆಳಿಗ್ಗೆ ಬಂದು ಅಲ್ಲಿ ಕೂರುತ್ತಿದ್ದರು. ಲೈಸೆನ್ಸ್ ನವೀಕರಣಕ್ಕೆ ಕಣ್ಣಿನ ಪರೀಕ್ಷೆ ಆಗಬೇಕೆಂದು ಬಂದಾಗ ನಾನೇ ಮೊದಲು ನೋಡಿಬಿಡೋಣ ಎಂದುಕೊಂಡೆ. ಒಂದು ಕಣ್ಣು ಮುಚ್ಚಿ, ಎದೆ ಸೆಟೆಸಿ, ಗೋಡೆಯ ಮೇಲಿನ ಹಲಗೆಯ ಕೊನೆಯ ಸಾಲನ್ನು ತೀರ್ಪು ಓದುವ ಗಂಟಲಿನಲ್ಲಿ ಅವರು ಓದಿದರು: "ರ, ಠ, ಗ, ಸ, ಲ."

ಕೊನೆಯ ಸಾಲು ನಿಜಕ್ಕೂ ಅದೇ ಆಗಿತ್ತು. ಹಿಂದಿನ ದಿನದವರೆಗೆ. ಹಳೆಯ ಹಲಗೆ ಮಾಸಿಹೋಗಿದ್ದರಿಂದ ಅಂದು ಬೆಳಿಗ್ಗೆಯಷ್ಟೇ ಹೊಸದನ್ನು ತೂಗುಹಾಕಿದ್ದೆ. ಹೊಸದರಲ್ಲಿ ಅಕ್ಷರಗಳೇ ಇರಲಿಲ್ಲ, ಬರೀ ಅಂಕಿಗಳಿದ್ದವು.

ಅಂಗಡಿಗೆ ಬೀಗ ಹಾಕಿ ಅವರನ್ನು ಕಣ್ಣಿನ ವೈದ್ಯರ ಬಳಿ ಕರೆದುಕೊಂಡು ಹೋದೆ. ಕಣ್ಣಿನ ನಡುಭಾಗ ಸವೆದಿದೆ, ಅಂಚಿನಲ್ಲಿ ಮಾತ್ರ ದೃಷ್ಟಿ ಇದೆ, ಕಾರು ಓಡಿಸುವಂತಿಲ್ಲ ಎಂದು ವೈದ್ಯರು ಮೆತ್ತಗೆ ಹೇಳಿದರು. ಮಾವನವರು ವೈದ್ಯರಿಗೆ ಕೈಮುಗಿದು ಎದ್ದರು. ನನಗೆ ಕೈಮುಗಿಯಲಿಲ್ಲ. ಅಂದಿನಿಂದ ಮಾತೂ ಇಲ್ಲ. "ಪುಟ್ಟೀ, ನಿನ್ನ ಗಂಡನ ಮುಖ ನಂಗೀಗ ಕಾಣಿಸೋದಿಲ್ಲ. ಬರೀ ಮಸಿ ಮೆತ್ತಿದ ಹಾಗಿದೆ" ಎಂದು ಒಮ್ಮೆ ನನ್ನೆದುರೇ ಹೇಳಿದರು. ಸ್ವಲ್ಪ ತಡೆದು, "ಅಷ್ಟರ ಮಟ್ಟಿಗೆ ಲಾಭ" ಎಂದು ಸೇರಿಸಿದರು.

ಅವರು ದಿನಾ ಸಂಜೆ ಶೆಡ್ಡಿಗೆ ಹೋಗಿ ಕಾರಿನಲ್ಲಿ ಕೂರುತ್ತಿದ್ದರು. ಎಂಜಿನ್ ಹಚ್ಚುತ್ತಿರಲಿಲ್ಲ. ಒಂದು ಕೈ ಸ್ಟೀರಿಂಗ್ ಮೇಲೆ, ಇನ್ನೊಂದು ಪಕ್ಕದ ಖಾಲಿ ಸೀಟಿನ ಮೇಲೆ. ನಾನು ಅಡುಗೆಮನೆ ಕಿಟಕಿಯಿಂದ ನೋಡಿ ಹಿಂದೆ ಸರಿಯುತ್ತಿದ್ದೆ.

ಒಂದು ದಿನ ಶೆಡ್ಡಿನಿಂದ ಕೂಗು ಬಂತು. "ಪುಟ್ಟೀ! ಕಾರು ವಾಲ್ತಾ ಇದೆ!"

ಹೋಗಿ ನೋಡಿದೆವು. ಮುಂದಿನ ಟೈರು ನೆಲಕ್ಕೆ ಅಂಟಿಕೊಂಡಿತ್ತು. ಉಳಿದವೂ ಅದೇ ಹಾದಿ ಹಿಡಿದಿದ್ದವು. ಮೇಲಿನ ಗೀರುಗಳೇನೋ ಸವೆದಿರಲಿಲ್ಲ. ಆದರೆ ಪಕ್ಕಗಳು ಒಣಗಿದ ಕೆರೆಯಂತೆ ಬಿರುಕು ಬಿಟ್ಟಿದ್ದವು. ಟೈರಿನೊಳಗಿನ ಉಕ್ಕಿನ ಚಕ್ರಗಳೋ ತುಕ್ಕಿನಲ್ಲಿ ಅಂಚು ಕಳೆದುಕೊಂಡಿದ್ದವು.

ಹೆಂಡತಿ ನನ್ನನ್ನು ಒಳಗೆ ಕರೆದು ವಿಚಾರಿಸಿಕೊಂಡಳು.

"ಅಪ್ಪನ ಕೈಯಿಂದ ಸ್ಟೀರಿಂಗ್ ಕಿತ್ಕೊಂಡವರು ನೀವು. ಕಾರಿಗೆ ಕಾಲಾದ್ರೂ ಕೊಡ್ಸಿ."

"ನಾನೆಲ್ಲೇ ಕಿತ್ಕೊಂಡೆ? ಡಾಕ್ಟ್ರು ಹೇಳಿದ್ದು."

"ಡಾಕ್ಟ್ರ ಹತ್ರ ಕರ್ಕೊಂಡು ಹೋದವರು ಯಾರು?"

"ಹೋಗದೆ ಇದ್ದಿದ್ರೆ ಅವರು ಯಾರನ್ನಾದ್ರೂ ಗುದ್ದಿರೋರು."

"ಈಗ ನನ್ನನ್ನ ಗುದ್ದಿದ್ದೀರಲ್ಲ. ಇಬ್ಬರ ಮಧ್ಯೆ ಪೋಸ್ಟ್‌ಮನ್ ಕೆಲಸ ಮಾಡಿ ಮಾಡಿ ನಂಗೆ ಗಂಟಲು ಕಟ್ಟಿದೆ. ಹೊಸ ಚಕ್ರ ಹಾಕ್ಸಿ, ನೀವೇ ಓಡ್ಸಿ, ಅವರನ್ನ ಪಕ್ಕದಲ್ಲಿ ಕೂರಿಸ್ಕೊಂಡು ನಾಲ್ಕು ರಸ್ತೆ ಸುತ್ತಿಸಿ. ಆಗಲಾದ್ರೂ ಬಾಯಿ ಬಿಡ್ತಾರೋ ನೋಡೋಣ."

ಸಲಹೆ ನನಗೆ ಹಿಡಿಸಿತು. ಅಲ್ಲಿಗೆ ಸುಮ್ಮನಿರದೆ ನಾನು ಅದಕ್ಕೆ ಸ್ವಂತ ಬುದ್ಧಿ ಬೆರೆಸಿದೆ. ಚಕ್ರ ಆರಿಸುವುದು ಬೇರೆಯವರಿಗೆ ಕಷ್ಟವಿರಬಹುದು, ನನಗೇನು? ಮುಖಕ್ಕೆ ಒಪ್ಪುವ ಚೌಕಟ್ಟು ಹುಡುಕುವುದೇ ನನ್ನ ವೃತ್ತಿ. ಕಾರಿಗೆ ಚಕ್ರ ಎಂದರೆ ಮುಖಕ್ಕೆ ಕನ್ನಡಕ ಇದ್ದಂತೆ. ದಪ್ಪ ಮುಖಕ್ಕೆ ತೆಳು ಚೌಕಟ್ಟು, ಉದ್ದ ಮೂತಿಗೆ ದುಂಡು ಚೌಕಟ್ಟು. ನಮ್ಮ ಕೂಪೆಯ ಮೂತಿಗೆ ಹೊಳಪು ಕೊಟ್ಟ, ಬಹಳ ಕಡ್ಡಿಗಳಿರುವ ಅಲಾಯ್ ಚಕ್ರವೇ ಸರಿ ಎಂದು ತೀರ್ಮಾನಿಸಿದೆ. ಒಪ್ಪುತ್ತದೋ ಇಲ್ಲವೋ ನೋಡಲು ರಟ್ಟನ್ನು ದುಂಡಗೆ ಕತ್ತರಿಸಿ, ಬೆಳ್ಳಿ ಕಾಗದ ಅಂಟಿಸಿ, ಕಡ್ಡಿಗಳನ್ನು ಬರೆದು, ನಾಲ್ಕು ಚಕ್ರಗಳಿಗೂ ಸಿಕ್ಕಿಸಿದೆ. ದೂರ ನಿಂತು ನೋಡಿದೆ. ಅದ್ಭುತವಾಗಿತ್ತು.

ಹೆಂಡತಿ ಬಂದು ನೋಡಿದಳು. "ಇದೇನು, ಮದುಮಗನ ಕಾರಾ?"

"ಗಾಂಭೀರ್ಯ ಕಾಣಿಸ್ತಿಲ್ವಾ ನಿಂಗೆ?"

"ಕಾಣಿಸ್ತಿದೆ. ಎಪ್ಪತ್ತು ದಾಟಿದವರಿಗೆ ಮಿಂಚಿನ ಬೂಟು ಹಾಕಿದ ಹಾಗೆ. ಅಪ್ಪ ಜೀವಮಾನದಲ್ಲಿ ಒಂದು ಗೀಟಿನ ಶರ್ಟ್ ಹಾಕಿಲ್ಲ ರೀ. ಮೊದಲಿನ ಥರದ್ದೇ ಉಕ್ಕಿನ ಚಕ್ರ, ಬೂದು ಬಣ್ಣ. ಅದೇ ಮರ್ಯಾದೆ."

"ಆದ್ರೆ..."

"ಅಲ್ಲದೆ ಅವರಿಗೆ ಕಾಣಿಸದೇ ಇರೋ ಚಕ್ರಕ್ಕೆ ಹೊಳಪು ಯಾರಿಗೋಸ್ಕರ? ಬೀದಿಯವರಿಗಾ, ನಿಮಗಾ?"

ರಟ್ಟುಗಳನ್ನು ಕಿತ್ತು ಹಳೆಯ ಪೇಪರಿನ ಜೊತೆ ಹಾಕಿದೆ. ಒಂದು ಮಾತ್ರ ಹಿಂದಿನ ಚಕ್ರದಲ್ಲಿ ಉಳಿದಿತ್ತೆಂದು ಕಾಣುತ್ತದೆ. ಸಂಜೆ ಶೆಡ್ಡಿನಿಂದ ಬಂದ ಮಾವನವರು, "ಪುಟ್ಟೀ, ಕಾರಿಗೆ ರಟ್ಟಿನ ಚಕ್ರ ಹಾಕಿ ಓಡಿಸೋ ಯೋಚನೆ ಯಾರದ್ದು ಅಂತ ಕೇಳು" ಎಂದರು. ಕೇಳುವ ಅಗತ್ಯ ಅವಳಿಗೆ ಬೀಳಲಿಲ್ಲ.

ಮತ ಬದಲಿಸಿದವನ ಭಕ್ತಿ ಹೆಚ್ಚು. ನಾನು ಉಕ್ಕಿನ ಚಕ್ರದ ಪರಮ ಪ್ರತಿಪಾದಕನಾದೆ. ಟೈರುಗಳ ಬಗ್ಗೆಯೂ ಓದಿದೆ, ಓದಿದ್ದನ್ನೆಲ್ಲ ಊಟದ ಮೇಜಿಗೆ ತಂದು ಬಡಿಸಿದೆ. ಅಗಲ ಹೆಚ್ಚಾದರೆ ಸ್ಟೀರಿಂಗ್ ಭಾರ, ಪಕ್ಕದ ಎತ್ತರ ಕಡಿಮೆಯಾದರೆ ಹೊಂಡ ಸಿಕ್ಕಾಗಲೆಲ್ಲ ಬೆನ್ನಿಗೆ ಗುದ್ದು, ಎಲ್ಲಕ್ಕಿಂತ ಮುಖ್ಯವಾಗಿ ಟೈರಿನ ವಯಸ್ಸು.

"ಉರುಳದೆ ಇದ್ರೂ ಟೈರಿಗೆ ವಯಸ್ಸಾಗುತ್ತೆ ಕಣೇ. ಹುಟ್ಟಿದ ವಾರ, ವರ್ಷ ಎರಡೂ ಅದರ ಮೈಮೇಲೇ ಅಚ್ಚಾಗಿರುತ್ತೆ. ಅಂಗಡಿಯವರು ಹೇಳಿದ್ದನ್ನ ನಂಬೋದಲ್ಲ. ನಾವೇ ಕಣ್ಣಾರೆ ಓದ್ಬೇಕು."

ಮಾವನವರು ತಟ್ಟೆಯಿಂದ ತಲೆಯೆತ್ತದೆ ಕೇಳಿಸಿಕೊಂಡರು.

ಭಾನುವಾರ ಟೈರುಗಳಿಗೆ ಗಾಳಿ ತುಂಬಿ ಹೊರಟೆವು. ಕೂಪಕ್ಕೆ ಹೆಂಡತಿ ಇಳಿದಳು. ಮಾವನವರು ಪಕ್ಕದಲ್ಲಿ. ನಾನು ಸ್ಟೀರಿಂಗ್ ಹಿಡಿದೆ. ಸ್ಕೂಟರಿಗೆ ಒಗ್ಗಿದ ಕೈ. ಮೊದಲ ತಿರುವಿನಲ್ಲೇ ಕಾರು ಎರಡು ಸಲ ಕೆಮ್ಮಿ ನಿಂತಿತು.

"ಪುಟ್ಟೀ, ಕ್ಲಚ್ಚನ್ನ ನಿಧಾನಕ್ಕೆ ಬಿಡೋಕೆ ಹೇಳು."

"ನಿಧಾನಕ್ಕಂತೆ."

"ನಿಧಾನಕ್ಕೇ ಬಿಟ್ಟೆ ಅಂತ ಹೇಳು."

"ಪುಟ್ಟೀ, ಈಗ ಸ್ಪೀಡು ಎಷ್ಟು ತೋರಿಸ್ತಿದೆ ಕೇಳು."

"ಮೂವತ್ತು ಅಂತ ಹೇಳು."

ಮಾವನವರು ಕಿಟಕಿಯ ಕಡೆ ತಲೆ ವಾಲಿಸಿ ಎಂಜಿನ್ನಿನ ಸದ್ದು ಕೇಳಿದರು.

ಟೈರ್ ಅಂಗಡಿಯಲ್ಲಿ ಕಪ್ಪು ಟೈರುಗಳ ಕಂಬಗಳು ಮಾಡು ಮುಟ್ಟುವಂತೆ ನಿಂತಿದ್ದವು. ಗಾಳಿ ತುಂಬುವ ಯಂತ್ರ ಮೂಲೆಯಲ್ಲಿ ಏದುಸಿರು ಬಿಡುತ್ತಿತ್ತು. ಅಂಗಡಿಯವರು ಜಗಳ ಎಂದರೆ ಏನೆಂದು ತಿಳಿಯದ ಮನುಷ್ಯ.

"ಹಳೇ ಕಾರಿಗೆ ಉಕ್ಕಿನ ಚಕ್ರಾನೇ ಅಲ್ವೇನ್ರೀ ಶೋಭೆ?" ಎಂದೆ.

"ಅದೇ ಸರಿ ಸಾರ್."

"ಆದ್ರೆ ಇವು ತುಕ್ಕು ಹಿಡಿದಿವೆಯಲ್ಲ" ಎಂದಳು ಹೆಂಡತಿ.

"ಅದೂ ಸರಿ ಮೇಡಂ. ತೆಗೆದು ಬಿಸಾಕೋಣ."

"ಬಿಸಾಕೋದಲ್ಲ. ಉಜ್ಜಿ ಬಣ್ಣ ಹೊಡೆದ್ರೆ ನಿಲ್ಲಲ್ವಾ?" ಎಂದೆ.

"ನಿಲ್ಲುತ್ತೆ ಸಾರ್, ಯಾಕೆ ನಿಲ್ಲಲ್ಲ."

ನಾನು ಉಕ್ಕಿನ ಚಕ್ರದ ಮಹಿಮೆ, ಮೂಲರೂಪದ ಪಾವಿತ್ರ್ಯ, ಹಿರಿಯರ ಅಭಿರುಚಿಗೆ ಸಲ್ಲಬೇಕಾದ ಗೌರವ ಇವುಗಳ ಕುರಿತು ಭಾಷಣ ಆರಂಭಿಸಿದೆ. ಅಂಗಡಿಯವರು ಪ್ರತಿ ವಾಕ್ಯಕ್ಕೂ ತಲೆಯಾಡಿಸುತ್ತಿದ್ದರು. ಮಧ್ಯದಲ್ಲಿ ಮಾವನವರ ದನಿ ಬಂತು.

"ಪುಟ್ಟೀ, ಅಲ್ಲಿ ಏನದು ಮಿಂಚ್ತಿರೋದು?"

ಬಾಗಿಲ ಬಳಿ ಸರಪಳಿಯಿಂದ ತೂಗುಹಾಕಿದ್ದ ಒಂದು ಚಕ್ರ. ಹೊಳಪು ಕೊಟ್ಟದ್ದು, ಬಹಳ ಕಡ್ಡಿಗಳಿರುವಂಥದ್ದು. ಹೊರಗಿನ ಬಿಸಿಲು ಅದರ ಮೇಲೆ ಬಿದ್ದಿತ್ತು.

"ಅಲಾಯ್ ಚಕ್ರ ಅಪ್ಪ. ನಮಗಲ್ಲ ಬಿಡು."

"ತಿರುಗಿಸೋಕೆ ಹೇಳು."

ಅಂಗಡಿಯವರು ತಿರುಗಿಸಿದರು. ಮಾವನವರು ಅದರ ಕಡೆ ನೇರ ನೋಡದೆ, ಕತ್ತು ಓರೆ ಮಾಡಿ, ಕಣ್ಣಿನ ಅಂಚಿನಿಂದ ನೋಡಿದರು. ಕಡ್ಡಿಗಳು ಬಿಸಿಲನ್ನು ಕತ್ತರಿಸಿ ಕತ್ತರಿಸಿ ಚೆಲ್ಲುತ್ತಿದ್ದವು. "ಇನ್ನೊಂದ್ಸಲ" ಎಂದರು. ಮತ್ತೆ ತಿರುಗಿತು.

"ಇದು ನಂಗೆ ಕಾಣುತ್ತೆ" ಎಂದರು ಮಾವನವರು. "ಕಾರು ಹೋಗ್ತಿರೋದು ನಂಗೆ ಕಾಣುತ್ತೆ. ಇದನ್ನೇ ಹಾಕೋಕೆ ಹೇಳು."

ನಾನು ರಟ್ಟಿನಲ್ಲಿ ಕತ್ತರಿಸಿದ್ದೂ ಇದನ್ನೇ. ವಿಜಯದ ನಗೆಯೊಡನೆ ಹೆಂಡತಿಯತ್ತ ತಿರುಗಿದೆ. ಅವಳು ಸೆರಗಿನಿಂದ ಕಣ್ಣೊತ್ತಿಕೊಳ್ಳುತ್ತಿದ್ದಳು. ನಗೆಯನ್ನು ಹಾಗೇ ಒಳಗೆ ಎಳೆದುಕೊಂಡೆ.

ಅಳತೆ, ನಟ್ಟಿನ ತೂತು ಎಲ್ಲ ಹೊಂದುತ್ತದೆಂದು ಅಂಗಡಿಯವರು ನೋಡಿ ಹೇಳಿದರು. ಇನ್ನು ಟೈರು. ಪಕ್ಕ ಎತ್ತರವಿರುವ, ಹದವಾದ ಅಗಲದ ಒಂದು ಜಾತಿಯನ್ನು ನಾನೇ ಆರಿಸಿದೆ. ಆಮೇಲೆ ಕೈ ಎತ್ತಿ ಎಲ್ಲರನ್ನೂ ತಡೆದೆ.

"ನಿಲ್ಲಿ. ತಯಾರಾದ ವರ್ಷ ನೋಡಬೇಕು."

ಬಗ್ಗಿದೆ. ಕಪ್ಪು ರಬ್ಬರಿನ ಮೇಲೆ ಕಪ್ಪು ಅಂಕಿಗಳು. ಇರುವೆ ಸಾಲಿನಂತೆ ಏನೋ ಇತ್ತು. ಇನ್ನೂ ಬಗ್ಗಿದೆ, ಇರುವೆಗಳು ಇನ್ನೂ ಕಲಸಿಕೊಂಡವು. ಹಿಂದೆ ಸರಿದೆ, ಇರುವೆಗಳೇ ಮಾಯವಾದವು. ಓದುವ ಕನ್ನಡಕ ನನಗೂ ಇದೆ, ಅಂಗಡಿಯ ಡ್ರಾಯರಿನಲ್ಲಿ. ಗಿರಾಕಿಗಳ ಮುಂದೆ ಹಾಕುವುದಿಲ್ಲ, ಹೆಂಡತಿಗೂ ಹೇಳಿರಲಿಲ್ಲ. ಊರಿಗೆಲ್ಲ ಕಣ್ಣು ಕೊಡುವವನಿಗೂ ವಯಸ್ಸಾಯಿತೆಂದು ಊರಿಗೆ ಯಾಕೆ ತಿಳಿಯಬೇಕು?

"ಹೊಸ ಮಾಲು ತಾನೆ?" ಎಂದು ಅಂಗಡಿಯವರನ್ನು ಮೆಲ್ಲಗೆ ಕೇಳಿದೆ.

"ಹೊಸದೇ ಸಾರ್. ಇಪ್ಪತ್ಮೂರನೇ ಇಸವಿ."

"ಹೌದು, ಇಪ್ಪತ್ಮೂರು" ಎಂದು ಗಟ್ಟಿಯಾಗಿ ಓದಿದೆ. "ಸ್ಪಷ್ಟವಾಗಿದೆ."

ಮಾವನವರು ಗೋಡೆ ಹಿಡಿದು ನಿಧಾನವಾಗಿ ಮಂಡಿಯೂರಿದರು. ಟೈರಿನ ಪಕ್ಕದ ಮೇಲೆ ಹೆಬ್ಬೆರಳಿಟ್ಟು ಸವರುತ್ತಾ ಹೋದರು. ಉಬ್ಬಿದ ಅಂಕಿಗಳ ಮೇಲೆ ಬೆರಳು ನಿಂತಿತು, ಹಿಂದೆ ಬಂತು, ಮತ್ತೆ ಮುಂದೆ ಹೋಯಿತು.

"ಹದಿಮೂರು" ಎಂದರು.

ಹೆಂಡತಿ ಬಗ್ಗಿ ನೋಡಿದಳು. "ಹದಿಮೂರೇ ರೀ. ಒಂದು, ಮೂರು. ಎರಡಲ್ಲ."

"ಅದೂ ಸರಿ ಮೇಡಂ" ಎಂದರು ಅಂಗಡಿಯವರು. "ಯಾವುದೋ ಮೂಲೇಲಿ ಬಿದ್ದಿದ್ದು ಬಂದುಬಿಟ್ಟಿದೆ. ಬೇರೆ ತರ್ತೀನಿ." ತರಲು ಒಳಗೆ ಹೋದವರು ಬೇಗ ಬರಲಿಲ್ಲ.

ಮಾವನವರು ಮಂಡಿಯೂರಿದಲ್ಲಿಂದಲೇ ಮುಖ ಎತ್ತಿದರು. "ನಿಮಗೆ ಅದು ಕಾಣಿಸ್ತಾ?"

ನಾನು ಅಭ್ಯಾಸಬಲದಿಂದ ಹೆಂಡತಿಯ ಕಡೆ ತಿರುಗಿ, "ಕಾಣಿಸ್ತು ಅಂತ ಹೇಳು" ಎಂದೆ.

"ಅವಳನ್ನ ಯಾಕೆ ನೋಡ್ತೀರಿ? ಕೇಳ್ತಿರೋದು ನಿಮ್ಮನ್ನ."

ಇಷ್ಟು ತಿಂಗಳಿಂದ ಯಾವ ಮಾತಿಗಾಗಿ ಹಂಬಲಿಸಿದ್ದೆನೋ ಅದು ಬಂದಿತ್ತು. ಆದರೆ ಅದು ಮಾತಾಗಿ ಬರಲಿಲ್ಲ, ಪಾಟೀಸವಾಲಾಗಿ ಬಂತು.

"ಕನ್ನಡಕ ಎಲ್ಲಿ?"

"ಅಂಗಡೀಲಿದೆ ಮಾವ."

"ಯಾಕೆ ಅಲ್ಲಿದೆ?"

ನಾನು ಟೈರಿನ ಮೇಲಿನ ಧೂಳು ಒರೆಸತೊಡಗಿದೆ.

"ದಾರೀಲಿ ಸ್ಪೀಡು ಮೂವತ್ತು ಅಂದ್ರಲ್ಲ, ಮೀಟರ್ ನೋಡಿ ಹೇಳಿದ್ದಾ?"

"ಅಂದಾಜಿನ ಮೇಲೆ... ದೂರದ್ದು ನಂಗೆ ಚೆನ್ನಾಗಿ ಕಾಣುತ್ತೆ ಮಾವ. ಹತ್ತಿರದ್ದು ಮಾತ್ರ..."

"ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳಿ."

"ನೋಡಿ ಹೇಳಿದ್ದಲ್ಲ" ಎಂದೆ.

ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ಬಾಯಿ ತೆರೆದಳು. ಮಾವನವರು ಕೈ ಎತ್ತಿ ಅವಳನ್ನು ತಡೆದರು. ನಾನು ಅವರ ತೋಳು ಹಿಡಿದು ಎಬ್ಬಿಸಿದೆ. ಎದ್ದ ಮೇಲೂ ಅವರು ಕೈ ಬಿಡಲಿಲ್ಲ. ದನಿ ಮಾತ್ರ ಇಳಿಯಿತು.

"ಓದೋಕಾಗ್ಲಿಲ್ಲ ಅಂದಾಗ ಏನನ್ನಿಸ್ತು?"

"ಎದೆ ಧಸಕ್ ಅಂತು ಮಾವ."

"ನಂಗೂ ಅಂತು." ಅವರು ನನ್ನ ಮುಖದ ಕಡೆ ನೋಡಿದರು. ಸ್ವಲ್ಪ ಓರೆಯಾಗಿ, ಅಂಚಿನಿಂದ. "ಗೋಡೆ ಮೇಲಿರೋದು ಅದಲ್ಲ ಅಂತ ಹೇಳೋವಾಗಲೇ ಗೊತ್ತಿತ್ತು. ಆದ್ರೂ ಬಾಯಿ ಹೇಳಿಬಿಡ್ತು."

"ನಾನು ಬೇಕು ಅಂತ ಹಲಗೆ ಬದಲಾಯಿಸಿದ್ದಲ್ಲ ಮಾವ."

"ಗೊತ್ತು. ಅಂಥ ಉಪಾಯ ಎಲ್ಲ ನಿಮಗೆ ಹೊಳೆಯೋದಿಲ್ಲ."

ಇಷ್ಟು ಪ್ರೀತಿಯಿಂದ ನನ್ನನ್ನು ಯಾರೂ ದಡ್ಡ ಎಂದಿರಲಿಲ್ಲ.

ಅಂಗಡಿಯವರು ಹೊಸ ಟೈರುಗಳನ್ನು ತಂದರು. ಒಂದೊಂದರ ವರ್ಷವನ್ನೂ ಮಾವನವರು ಹೆಬ್ಬೆರಳಿನಿಂದ ಓದಿ, ಹೆಂಡತಿ ಕಣ್ಣಿನಿಂದ ಓದಿ, ಇಬ್ಬರೂ ಒಪ್ಪಿದ ಮೇಲೆ ಅವು ಚಕ್ರಕ್ಕೇರಿದವು. ನನ್ನನ್ನು ಯಾರೂ ಕೇಳಲಿಲ್ಲ. ಜಾಕಿನಿಂದ ಇಳಿದು ಹೊಸ ಕಾಲಿನ ಮೇಲೆ ನಿಂತ ಕೂಪೆ ನಿಜಕ್ಕೂ ಮದುಮಗನ ಕಾರಿನಂತೆಯೇ ಇತ್ತು.

"ಬೀಗದಕೈ ಕೊಡಿ" ಎಂದರು ಮಾವನವರು.

ಕೊಟ್ಟೆ. ಆಶೀರ್ವಾದ ಮಾಡಿ ಮರಳಿ ಕೊಡುತ್ತಾರೆಂದು ಕೈ ಚಾಚಿಯೇ ನಿಂತಿದ್ದೆ. ಅವರು ಅದನ್ನು ಮಗಳ ಕೈಗಿಟ್ಟರು.

"ನಡುವಿನದ್ದು ಕಾಣದ ನಾನು ಓಡಿಸೋ ಹಾಗಿಲ್ಲ. ಹತ್ತಿರದ್ದು ಕಾಣದೆ ಕಾಣ್ತು ಅನ್ನೋ ಇವರೂ ಓಡಿಸೋ ಹಾಗಿಲ್ಲ. ಕೂತ್ಕೋ."

"ಅಯ್ಯೋ, ನಾನಾ? ಮದುವೆ ಆದ್ಮೇಲೆ ಮುಟ್ಟೇ ಇಲ್ಲ ಅಪ್ಪ. ಎಲ್ಲ ಮರೆತುಹೋಗಿದೆ" ಎಂದಳು ಹೆಂಡತಿ. ಹೇಳುವಷ್ಟರಲ್ಲಿ ಸೀಟು ಮುಂದಕ್ಕೆಳೆದು ಕನ್ನಡಿ ತಿರುಗಿಸಿಕೊಂಡಾಗಿತ್ತು. ಹುಡುಗಿಯಾಗಿದ್ದಾಗ ಇದೇ ಕಾರಿನಲ್ಲಿ ಅಪ್ಪ ಕಲಿಸಿದ್ದರಂತೆ. ಲೈಸೆನ್ಸನ್ನು ಪ್ರತಿಸಲವೂ ತಪ್ಪದೆ ನವೀಕರಿಸಿಕೊಂಡು ಬೀರುವಿನಲ್ಲಿ ಇಟ್ಟಿದ್ದಳಂತೆ. ಇದೆಲ್ಲ ನನಗೆ ತಿಳಿದದ್ದು ಹಿಂದಿನ ಕೂಪದಲ್ಲಿ, ಮೊಣಕಾಲುಗಳನ್ನು ಕಿವಿಗೆ ಒತ್ತಿಕೊಂಡು ಕೂತಿದ್ದಾಗ. ಕಾರು ಎಲ್ಲೂ ಕೆಮ್ಮಲಿಲ್ಲ. ಮಾವನವರು ದಾರಿಯುದ್ದಕ್ಕೂ ಒಂದೇ ಒಂದು ಸಲಹೆಯನ್ನೂ ಕೊಡಲಿಲ್ಲ. ಸೀಟಿಗೊರಗಿ, ಅಂಗೈಯನ್ನು ಕಿಟಕಿಯ ಹೊರಗೆ ಗಾಳಿಗೆ ಹಿಡಿದಿದ್ದರು.

ಈಗ ಕೂಪೆ ಶೆಡ್ಡಿನಲ್ಲಿ ನಿಲ್ಲುವುದೇ ಅಪರೂಪ. ಹೆಂಡತಿ ಶಾಲೆಗೆ ಅದರಲ್ಲೇ ಹೋಗುತ್ತಾಳೆ. ಸಂಜೆ ಅಪ್ಪನನ್ನು ಸುತ್ತಾಡಿಸಿಕೊಂಡು ಬರುತ್ತಾಳೆ. ರಜೆಯ ದಿನ ಸಹೋದ್ಯೋಗಿ ಟೀಚರನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲಿಗೆ ಎಂದು ಹೇಳದೆ ಹೋಗುತ್ತಾಳೆ. ಮೊನ್ನೆ ಭಾನುವಾರವೂ ಹಾಗೆಯೇ ಹೊರಟಳು. ನಾನೂ ಮಾವನವರೂ ಗೇಟಿನ ಬಳಿ ನಿಂತು ನೋಡಿದೆವು. ಬೀದಿಯ ತಿರುವಿನವರೆಗೂ ಚಕ್ರಗಳು ಮಿಂಚಿದವು. ಮಾವನವರು ಕತ್ತು ಓರೆ ಮಾಡಿ ಕೊನೆಯ ಮಿಂಚಿನವರೆಗೂ ನೋಡಿದರು.

"ಹೋದಳು" ಎಂದರು ತೃಪ್ತಿಯಿಂದ.

"ಯಾವಾಗ ಬರ್ತಾಳಂತೆ ಮಾವ?"

"ಅದು ಹೇಳಿಲ್ಲ. ತರಕಾರಿ ತೊಳೆದಿಟ್ಟಿದ್ದಾಳಂತೆ, ಹೆಚ್ಚಿ ಬೇಯಿಸೋಕೆ ನಿಮಗೆ ಹೇಳು ಅಂದ್ಲು."

"ನನ್ನ ಹತ್ರಾನೇ ಹೇಳಬಹುದಿತ್ತಲ್ಲ? ನಾನು ಇಲ್ಲೇ ನಿಂತಿದ್ನಲ್ಲ!"

"ನಿಮಗೆ ಹೇಳಿದ್ರೆ ವಾದ ಮಾಡ್ತೀರಂತೆ" ಎಂದರು ಮಾವನವರು, ನನ್ನ ಹೆಗಲ ಮೇಲೆ ಕೈಯಿಟ್ಟು ಅಡುಗೆಮನೆಯ ಕಡೆ ತಿರುಗಿಸುತ್ತಾ. "ಕನ್ನಡಕ ಹಾಕ್ಕೊಂಡು ಹೆಚ್ಚಬೇಕಂತೆ. ಅದು ಖಂಡಿತ ಹೇಳಿದ್ದಾಳೆ. ನಡೀರಿ, ನಾನು ಪಕ್ಕದಲ್ಲಿ ಕೂತು ಹೇಗೆ ಅಂತ ಹೇಳ್ತಾ ಹೋಗ್ತೀನಿ."